ಹಳೇ ಬ್ರನೋ ಪಾಯಿಂಟ್ ಟೂಟೂ: 50 ಮೀಟರಿನಲ್ಲಿ ಗುಂಡು ಚದುರುತ್ತಿದೆ, ನಳಿಗೆ ಹೋಯಿತಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯವನು. ಮನೆಯಲ್ಲಿ ತಾತನ ಕಾಲದ ಬ್ರನೋ ಮಾಡೆಲ್ 2 ಇದೆ, ಪಾಯಿಂಟ್ ಟೂಟೂ (.22) ರೈಫಲ್. ಬೋಲ್ಟ್ ಆಕ್ಷನ್, ಐದು ತೋಟಾದ ಮ್ಯಾಗಜಿನ್. ನಳಿಗೆಯ ಬುಡದಲ್ಲಿ ಪ್ರೂಫ್ ಮುದ್ರೆಯ ಪಕ್ಕ 61 ಅಂತ ಹೊಡೆದಿದ್ದಾರೆ, ಅಂದರೆ ನನಗಿಂತ ಹಿರಿಯದು. ಹಿಂದೆಲ್ಲ 50 ಮೀಟರಿನಲ್ಲಿ ಐದು ಗುಂಡು ಹಳೇ ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ ಬೀಳುತ್ತಿದ್ದವು. ಈಗ 7-8 ಸೆಂಟಿಮೀಟರ್ ಚದುರುತ್ತಿವೆ.

ನಡುವೆ ಆದದ್ದು ಇಷ್ಟು. ಕಳೆದ ಬೇಸಿಗೆ ಎಲೆಕ್ಷನ್‌ಗೆ ಎಲ್ಲರಂತೆ ಠಾಣೆಗೆ ಒಪ್ಪಿಸಿದ್ದೆವು. ವಾಪಸ್ ಬಂದ ಮೇಲೆ ಮಳೆಗಾಲ ಪೂರ್ತಿ ಬೀರುವಿನಲ್ಲೇ ಇತ್ತು. ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ದಿನ ಪೂಜೆಗೆ ತೆಗೆದೆವು, ಮತ್ತೆ ಒಳಗಿಟ್ಟೆವು. ಹಳೇ ತೋಟಾ ಮುಗಿದಿತ್ತು, ಹೊಸ ಪೆಟ್ಟಿಗೆ ತಂದೆ. ಕಂಪನಿ ಅದೇ. ಮೇಲೆ ನಾಲ್ಕು ಪವರಿನ ಹಳೇ ಸ್ಕೋಪ್ ಇದೆ.

ಒಬ್ಬರು ನೋಡಿ, "ನಳಿಗೆ ಸವೆದಿದೆ, ಮುಂದಿನ ಎರಡಿಂಚು ಕತ್ತರಿಸಿ ಹೊಸ ಬಾಯಿ ಮಾಡಿಸಿ" ಅಂದರು. ಕತ್ತರಿಸುವ ಮುಂಚೆ ನಿಮ್ಮನ್ನೆಲ್ಲ ಒಂದು ಮಾತು ಕೇಳೋಣ ಅಂತ.

ಹಳೇ ಕೆಡೆಟ್

ಕತ್ತರಿಸುವ ಮಾತು ಬಿಡಿ ಮಾರಾಯ್ರೇ! ಟೂಟೂ ಗುಂಡು ಬರೀ ಸೀಸ, ಮೇಲೆ ಒಂದು ಪದರ ಮೇಣ. ತೂಕ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಆಸುಪಾಸು. ವೇಗ ಸೆಕೆಂಡಿಗೆ 330 ಮೀಟರ್. ಇಂಥ ಮೆತ್ತನೆ ಗುಂಡು ಉಕ್ಕಿನ ನಳಿಗೆಯನ್ನು ಸವೆಸಬೇಕಾದರೆ ಹತ್ತಾರು ಸಾವಿರ ತೋಟಾ ಹಾರಬೇಕು. ನಿಮ್ಮ ತಾತ ಅಷ್ಟು ಹೊಡೆದಿರುತ್ತಾರಾ?

ಈ ರೈಫಲ್‌ಗಳ ನಳಿಗೆ ಹಾಳಾಗುವುದು ಗುಂಡಿನಿಂದ ಅಲ್ಲ, ಒರೆಸುವವನ ಕೈಯಿಂದ. ಎನ್‌ಸಿಸಿಯಲ್ಲಿ ಪುಲ್‌ತ್ರೂಗೆ, ಅಂದರೆ ನಳಿಗೆ ಒರೆಸುವ ಹಗ್ಗಕ್ಕೆ, ಚಿಂದಿ ಸಿಕ್ಕಿಸಿ ಎಳೆಯುತ್ತಿದ್ದೆವಲ್ಲ, ಹುಡುಗರು ಹಗ್ಗವನ್ನು ನೇರ ಎಳೆಯದೆ ಓರೆಯಾಗಿ ಎಳೆಯುತ್ತಿದ್ದರು. ಹಗ್ಗಕ್ಕೆ ಗ್ರೌಂಡಿನ ಮಣ್ಣು ಬೇರೆ ಅಂಟಿರುತ್ತಿತ್ತು. ವರ್ಷಗಟ್ಟಲೆ ಹೀಗೆ ಎಳೆದರೆ ನಳಿಗೆಯ ಬಾಯಿ ಒಂದೇ ಬದಿಗೆ ಸವೆಯುತ್ತದೆ. ಕ್ಯಾಂಪಿಗೆ ಬರುತ್ತಿದ್ದ ಟೂಟೂ ಡಿಲಕ್ಸ್ ರೈಫಲ್‌ಗಳಲ್ಲಿ ಇಂಥವು ಬೇಕಾದಷ್ಟಿದ್ದವು. 25 ಗಜಕ್ಕೂ ಗ್ರೂಪ್ (ಗುಂಡೆಲ್ಲ ಒಂದೆಡೆ ಗುಂಪಾಗಿ ಬೀಳುವುದು) ಬರುತ್ತಿರಲಿಲ್ಲ, ಬೈಗುಳ ಮಾತ್ರ ಕೆಡೆಟ್‌ಗೆ.

ನಿಮ್ಮದನ್ನು ಯಾವ ಕಡೆಯಿಂದ ಒರೆಸುತ್ತೀರಿ? ಟಾರ್ಗೆಟ್ ಹೇಗೆ ಕಾಣುತ್ತಿದೆ? ಬರೀ "ಚದುರುತ್ತಿದೆ" ಅಂದರೆ ಏನೂ ಗೊತ್ತಾಗಲ್ಲ.

ತೋಟದಮನೆ

ಬೋಲ್ಟ್ ತೆಗೆದು ಹಿಂದಿನಿಂದಲೇ ಸರಳು ಹಾಕುತ್ತೇವೆ ಅಣ್ಣ. ತಾತ ಕಲಿಸಿದ್ದು ಹಾಗೆ.

ಟಾರ್ಗೆಟ್ ಹೇಳುತ್ತೇನೆ. ಎಡಗಡೆ ಕೆಳಗೆ ಮೂರು ತೂತು ಒಂದಕ್ಕೊಂದು ತಾಗಿಕೊಂಡಿವೆ. ಅಲ್ಲಿಂದ ಸುಮಾರು 6 ಸೆಂಟಿಮೀಟರ್ ಬಲಕ್ಕೆ, ಸ್ವಲ್ಪ ಮೇಲೆ, ಇನ್ನೆರಡು ಜೋಡಿ. ಇನ್ನೊಂದು ಹಾಳೆಯಲ್ಲಿ ಎರಡು ಎಡಕ್ಕೆ, ಮೂರು ಬಲಕ್ಕೆ. ನಡುವಿನಲ್ಲಿ ಏನೂ ಇಲ್ಲ.

ಹತ್ತು ಪಾಯಿಂಟ್ ನಾಲ್ಕು

ಇದು ಒಳ್ಳೇ ಸುದ್ದಿ. ನಳಿಗೆ ಸವೆದಿದ್ದರೆ ಗುಂಡು ಎಲ್ಲೆಂದರಲ್ಲಿ ಬೀಳುತ್ತಿತ್ತು. ಎರಡು ಬಿಗಿಯಾದ ಗುಂಪು ಅಂದರೆ ರೈಫಲ್‌ನಲ್ಲಿ ಯಾವುದೋ ಒಂದು ವಸ್ತು ಎರಡು ಜಾಗದಲ್ಲಿ ಕೂರುತ್ತಿದೆ. ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ. ಸ್ಕೋಪ್ ಅಥವಾ ಅದರ ಮೌಂಟ್, ಇಲ್ಲವೇ ಆಕ್ಷನ್ (ನಳಿಗೆಯ ಹಿಂದೆ ಬೋಲ್ಟ್ ಓಡುವ ಲೋಹದ ಭಾಗ) ಮರದ ಸ್ಟಾಕಿನಲ್ಲಿ ಅಲುಗಾಡುತ್ತಿದೆ.

ನಾನು ಬೆಂಗಳೂರಿನಲ್ಲಿ 50 ಮೀಟರ್ ಪ್ರೋನ್, ಅಂದರೆ ಮಲಗಿಕೊಂಡು, ಹೊಡೆಯುತ್ತೇನೆ. ನಮ್ಮ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ನನ್ನ ಹೆಸರು ಅದರದ್ದೇ. ಅಷ್ಟು ಸಣ್ಣ ಜಾಗಕ್ಕೆ ಹೊಡೆಯಲು ಹೊರಟರೆ ಟಾರ್ಗೆಟ್ ಓದುವುದು ಮೊದಲು ಕಲಿಯಬೇಕು. ಗುಂಡು ಮೇಲೆ-ಕೆಳಗೆ ಗೆರೆ ಎಳೆದ ಹಾಗೆ ಬಿದ್ದರೆ ಹೆಚ್ಚಾಗಿ ತೋಟಾದ ವೇಗ ಏರುಪೇರು, ಇಲ್ಲವೇ ಫೈರಿಂಗ್ ಪಿನ್ ಏಟು ಒಂದೇ ಸಮ ಇಲ್ಲ. ಅಡ್ಡಕ್ಕೆ ಹರಡಿದರೆ ಮೊದಲು ಗಾಳಿ ನೋಡಿ, ಆಮೇಲೆ ಟ್ರಿಗರ್ ಎಳೆಯುವ ಬೆರಳು. ಗಾಳಿಯನ್ನು ಎಲ್ಲರೂ ಕಡೆಗಣಿಸುತ್ತಾರೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಅಂದರೆ ಎಲೆ-ಕಡ್ಡಿ ಅಲ್ಲಾಡುವಷ್ಟು, ಅಷ್ಟೇ. ಅದಕ್ಕೆ 50 ಮೀಟರಿನಲ್ಲಿ ಟೂಟೂ ಗುಂಡು ಸುಮಾರು 3 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ.

ನಿಮ್ಮ ಕೇಸಿಗೆ ಬರೋಣ. ಮೊದಲು ಸ್ಕೋಪ್ ಬಿಚ್ಚಿಡಿ. ಬ್ರನೋಗೆ ಒಳ್ಳೇ ಕಬ್ಬಿಣದ ಸೈಟ್ ಇದೆ, ಅದರಲ್ಲೇ ಹೊಡೆಯಿರಿ. ಆಗಲೂ ಎರಡು ಗುಂಪು ಬಂದರೆ ಸ್ಕೋಪ್ ತಪ್ಪಲ್ಲ. ಮರಳಿನ ಚೀಲದ ಮೇಲೆ ಮರ ಊರಬೇಕು, ನಳಿಗೆ ಊರಬಾರದು. ನಳಿಗೆ ಚೀಲಕ್ಕೆ ತಾಗಿದರೆ ಗುಂಡು ಬೇರೆ ಕಡೆಗೆ ಹೋಗುತ್ತದೆ. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಕ್ರೂ ಬಿಗಿ ಮಾಡಿ, ತೋಟಾ ಬದಲಿಸಿ, ನಳಿಗೆ ಒರೆಸಿ, ಎಲ್ಲ ಒಂದೇ ಬೆಳಿಗ್ಗೆ ಮಾಡಿಬಿಟ್ಟರೆ ಸರಿಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗಲ್ಲ.

ಟೆಕ್ಸಾಸ್ ಗೌಡ

ಹಾಸನದವನು, ಈಗ ಇರುವುದು ಡಲ್ಲಾಸ್ ಹತ್ತಿರ. ನನ್ನ ಹತ್ತಿರ ರುಗರ್ 10/22 ಒಂದು, ಸೀಜೆಡ್ 457 ಒಂದು ಇವೆ. ಸೀಜೆಡ್ ಅಂದರೆ ನಿಮ್ಮ ಬ್ರನೋ ವಂಶವೇ.

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಒಂದನ್ನು ಯಾರೂ ಹೇಳಲಿಲ್ಲ. ತೋಟಾ ಕೂರುವ ಚೇಂಬರ್ ಮುಗಿದು ನಳಿಗೆಯ ಗೆರೆಗಳು ಶುರುವಾಗುವ ಜಾಗದಲ್ಲಿ ಮಸಿ ಉಂಗುರದ ಹಾಗೆ ಕಟ್ಟಿಕೊಳ್ಳುತ್ತದೆ. ಸುಟ್ಟ ಪುಡಿ, ಮೇಣ, ಸೀಸ ಎಲ್ಲ ಸೇರಿ ಗಟ್ಟಿಯಾಗುತ್ತದೆ. ಸುಮ್ನೆ ಚಿಂದಿ ಎಳೆದರೆ ಅದು ಬರಲ್ಲ. ಸಾಲ್ವೆಂಟ್ ಹಾಕಿ ಹತ್ತು-ಹದಿನೈದು ನಿಮಿಷ ನೆನೆಯಲು ಬಿಟ್ಟು ಹಿತ್ತಾಳೆ ಬಣ್ಣದ ಕಂಚಿನ ಬ್ರಷ್ ಆಡಿಸಬೇಕು. ನನ್ನ ಸೀಜೆಡ್ ಒಂದು ಕಾಲದಲ್ಲಿ ಕೆಟ್ಟದಾಗಿ ಹೊಡೆಯುತ್ತಿತ್ತು, ಈ ಉಂಗುರ ತೆಗೆದ ಮೇಲೆ ಸರಿಹೋಯಿತು. ತೋಟದಮನೆಯವರೇ, ಅಷ್ಟು ಹಳೇ ರೈಫಲ್ ಅಂದರೆ ಅಲ್ಲಿ ಅರ್ಧ ಇಂಚು ಮಸಿ ಇರಬೇಕು, ತಮಾಷೆಗೆ ಹೇಳಿದೆ.

ಹಳೇ ಕೆಡೆಟ್

ಗೌಡರೇ, ಅಮೆರಿಕದಲ್ಲಿ ಎಲ್ಲದಕ್ಕೂ ಒಂದು ಬಾಟಲಿ, ಒಂದು ಬ್ರಷ್ ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ. ಟೂಟೂ ನಳಿಗೆಯನ್ನು ಉಜ್ಜಬೇಡಿ ಅಂತ ನನ್ನ ವಾದ. ಗುಂಡಿನ ಮೇಣವೇ ಒಳಗೆ ತೆಳುವಾಗಿ ಸವರಿಕೊಳ್ಳುತ್ತದೆ. ಅದು ಕೂತ ಮೇಲೆ ರೈಫಲ್ ಒಂದೇ ಸಮ ಹೊಡೆಯುತ್ತದೆ. ಪೂರ್ತಿ ಉಜ್ಜಿ ತೆಗೆದರೆ ಮತ್ತೆ ಹತ್ತಿಪ್ಪತ್ತು ತೋಟಾ ಹಾರಿಸುವವರೆಗೂ ಗುಂಡು ಅಲೆಯುತ್ತಲೇ ಇರುತ್ತದೆ. ತೋಟಾದ ಬ್ರಾಂಡ್ ಬದಲಿಸಿದರೂ ಅಷ್ಟೇ, ಹಳೇ ಮೇಣ ಹೋಗಿ ಹೊಸದು ಕೂರಬೇಕು.

ಇನ್ನೊಂದು ವಿಷಯ. ದಿನಾ ಒರೆಸುವ ಅಭ್ಯಾಸ ಬಂದದ್ದು ಸೈನ್ಯದ ತ್ರೀನಾಟ್‌ತ್ರೀ (.303) ರೈಫಲ್ ಕಾಲದಿಂದ. ಆ ಹಳೇ ತೋಟಾಗಳ ಕ್ಯಾಪಿನ ಮದ್ದಿನಲ್ಲಿ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಉಪ್ಪು ಉಳಿದು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತಿತ್ತು. ಅದಕ್ಕೇ ಬಿಸಿನೀರು ಹುಯ್ಯುತ್ತಿದ್ದರು. ಈಗಿನ ಟೂಟೂ ತೋಟಾದಲ್ಲಿ ಆ ಸಮಸ್ಯೆ ಇಲ್ಲ.

ಟೆಕ್ಸಾಸ್ ಗೌಡ

ಅಣ್ಣ, ನಳಿಗೆ ಬೇರೆ, ಚೇಂಬರ್ ಬೇರೆ. ನಾನು ಹೇಳಿದ್ದು ಚೇಂಬರ್ ತುದಿಯ ಒಂದಿಂಚು ಜಾಗದ ಬಗ್ಗೆ.

ಹತ್ತು ಪಾಯಿಂಟ್ ನಾಲ್ಕು

ಇಬ್ಬರೂ ಜಗಳ ಆಡಬೇಡಿ. ಸ್ಪರ್ಧೆಗೆ ಹೊಡೆಯುವ ನಾವು ಪದೇ ಪದೇ ಒರೆಸುತ್ತೇವೆ, ಆದರೆ ಮೆತ್ತಗೆ. ಹಿಂದೆ ಬೋರ್ ಗೈಡ್ (ಸರಳು ನೇರ ಹೋಗಲು ಹಾಕುವ ಕೊಳವೆ) ಕೂರಿಸಿ, ಒಂದೇ ತುಂಡಿನ ಸರಳಿನಲ್ಲಿ ಒಂದು ಒದ್ದೆ ಚಿಂದಿ, ಎರಡು-ಮೂರು ಒಣ ಚಿಂದಿ. ಬಾಯಿಂದ ಚಿಂದಿ ಹೊರಗೆ ಬಿದ್ದ ಮೇಲೆ ಸರಳನ್ನು ನಿಧಾನ ವಾಪಸ್ ಎಳೆಯಬೇಕು. ಬ್ರಷ್ ಅಪರೂಪ. ಉಕ್ಕಿನ ಬ್ರಷ್ ಅಂತೂ ಯಾವತ್ತೂ ಬೇಡ. ತಾಮ್ರ ತೆಗೆಯುವ ಅಮೋನಿಯಾ ಸಾಲ್ವೆಂಟ್ ಬರೀ ಸೀಸದ ಗುಂಡಿಗೆ ಬೇಕಾಗಿಲ್ಲ.

ಹೊಡೆಯುವ ಮೊದಲು ನಳಿಗೆಯಲ್ಲಿ ಎಣ್ಣೆ ಇದ್ದರೆ ಒಣ ಚಿಂದಿ ಎಳೆಯಲೇಬೇಕು. ಎಣ್ಣೆ ಇದ್ದ ನಳಿಗೆಯ ಮೊದಲ ಗುಂಡು ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು.

ಲೇತ್ ಮಾಮ

ಈ ಜಗಳ ಪಕ್ಕಕ್ಕಿಡಿ. ಎರಡು ಗುಂಪು ಅಂದ ಕೂಡಲೇ ನಾನು ನೋಡುವುದು ಸ್ಕ್ರೂ. ನಲವತ್ತು ವರ್ಷ ಲೇತ್ ಮೇಲೆ ನಿಂತವನು, ಸ್ಕ್ರೂ ಸುಳ್ಳು ಹೇಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ತೋಟದಮನೆಯವರೇ, ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮ್ಯಾಗಜಿನ್ ತೆಗೆದು, ಬೋಲ್ಟ್ ಹೊರಗಿಟ್ಟು, ಚೇಂಬರಿಗೆ ಕಿರುಬೆರಳು ತಾಗಿಸಿ ನೋಡಿ. ಆಮೇಲೆ ರೈಫಲನ್ನು ನೆಟ್ಟಗೆ ನಿಲ್ಲಿಸಿ. ಮುಂದಿನ ಮರದ ತುದಿಯಲ್ಲಿ ನಳಿಗೆ ಮತ್ತು ಮರ ಎರಡಕ್ಕೂ ತಾಗುವ ಹಾಗೆ ತೋರುಬೆರಳು ಇಡಿ. ಇನ್ನೊಂದು ಕೈಯಲ್ಲಿ ಮ್ಯಾಗಜಿನ್ ಮುಂದಿನ ಸ್ಕ್ರೂವನ್ನು ನಿಧಾನ ಸಡಿಲಿಸಿ, ಮತ್ತೆ ಬಿಗಿಮಾಡಿ. ನಳಿಗೆ ಮರದಿಂದ ಏಳುವುದು, ಕೂರುವುದು ಬೆರಳಿಗೆ ತಿಳಿಯುತ್ತದೆ. ಸ್ವಲ್ಪವೂ ಅಲ್ಲಾಡಬಾರದು. ಅಲ್ಲಾಡಿದರೆ ಆಕ್ಷನ್ ಮರದಲ್ಲಿ ಸರಿಯಾಗಿ ಕೂತಿಲ್ಲ.

ಅದರ ಜೊತೆ ನೂರು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ಹಾಕಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಹೇಳಿ. ಒಂದು ಎಚ್ಚರಿಕೆ: ಕೆಲವು ಹಳೇ ರೈಫಲ್‌ಗಳಲ್ಲಿ ಮುಂದಿನ ತುದಿಯಲ್ಲಿ ಬೇಕಂತಲೇ ನಳಿಗೆಗೆ ಒತ್ತು ಕೊಟ್ಟಿರುತ್ತಾರೆ. ನೋಟು ಸಿಕ್ಕಿಕೊಂಡಿತು ಅಂತ ಕೂಡಲೇ ಉಳಿ ತಗೊಂಡು ಮರ ಕೆತ್ತಬೇಡಿ. ಕೆತ್ತಿದ ಮರ ವಾಪಸ್ ಬರಲ್ಲ.

ತೋಟದಮನೆ

ಕಾಫಿ ಕೊಯ್ಲು ನಡುವೆ ಹೇಗೋ ಬಿಡುವು ಮಾಡಿಕೊಂಡೆ. ಕಬ್ಬಿಣದ ಸೈಟಿನಲ್ಲೂ ಎರಡು ಗುಂಪು. ಸ್ಕೋಪ್ ಬಚಾವ್.

ಬೆರಳು ಪರೀಕ್ಷೆ ಮಾಡಿದೆ ಮಾಮ. ಅಲ್ಲಾಡುತ್ತದೆ, ಚೆನ್ನಾಗಿಯೇ ಅಲ್ಲಾಡುತ್ತದೆ. ಆದರೆ ಸ್ಕ್ರೂ ಸಡಿಲ ಇಲ್ಲ! ಕಲ್ಲಿನ ಹಾಗೆ ಬಿಗಿ ಇದೆ. ಇನ್ನೂ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ ಅನ್ನಿಸಿತು.

ಲೇತ್ ಮಾಮ

ಅದೇ ನಾನು ಹೇಳಿದ್ದು. ಸ್ಕ್ರೂ ಬಿಗಿಯಾಗಿದೆ, ಆದರೆ ಮರಕ್ಕಲ್ಲ. ಅದರ ತುದಿ ತೂತಿನ ತಳಕ್ಕೆ ಹೋಗಿ ತಾಗಿ ನಿಂತಿದೆ. ನಿಮ್ಮ ಕೈಗೆ ಬಿಗಿ, ಮರಕ್ಕೆ ಸಡಿಲ. ಪ್ರತಿ ಗುಂಡಿಗೂ ಆಕ್ಷನ್ ಒಂದಿಷ್ಟು ಜರುಗಿ ಎರಡರಲ್ಲಿ ಒಂದು ಜಾಗಕ್ಕೆ ಬಂದು ಕೂರುತ್ತಿದೆ.

ನಿಮ್ಮ ಕಡೆ ಮಳೆಗಾಲದಲ್ಲಿ ಮರ ನೀರು ಕುಡಿದು ಊದುತ್ತದೆ. ಆಗ ಸ್ಕ್ರೂ ಬಿಗಿಯಾಗಿಯೇ ಇರುತ್ತದೆ, ಊದಿದ ಮರ ಲೋಹದ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಜನವರಿಗೆ ಒಣಗಿ ಕುಗ್ಗಿದಾಗ ಮೊದಲಿದ್ದ ದಪ್ಪ ಇರಲ್ಲ. ಅರವತ್ತು ಮಳೆಗಾಲ ಕಂಡ ಮರ ಅಲ್ವಾ? ಅದೂ ಅಲ್ಲದೆ ಸ್ಕ್ರೂ ಮೂಲದ್ದೋ, ಯಾರಾದರೂ ಬದಲಿಸಿದ್ದೋ ನೋಡಿ. ಹಿಂದಿನ ಸ್ಕ್ರೂ ತಲೆಯ ಜೊತೆ ಹೋಲಿಸಿ.

ಪರೀಕ್ಷೆ ಸುಲಭ. ಸ್ಕ್ರೂ ತೆಗೆದು ತುದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಹಚ್ಚಿ. ಒಣಗಲಿ. ಹಾಕಿ ಬಿಗಿಮಾಡಿ ಮತ್ತೆ ತೆಗೆಯಿರಿ.

ತೋಟದಮನೆ

ಮಾಮ, ನಿಮಗೆ ದೊಡ್ಡ ನಮಸ್ಕಾರ. ತುದಿಯ ಕಪ್ಪು ನಡುವಿನಲ್ಲಿ ಗುಂಡಗೆ ಅಳಿಸಿಹೋಗಿ ಲೋಹ ಹೊಳೆಯುತ್ತಿದೆ. ಹಿಂದಿನ ಸ್ಕ್ರೂ ತಲೆ ಕಪ್ಪು ನೀಲಿ, ಸೀಳು ತೆಳ್ಳಗೆ. ಮುಂದಿನದ್ದು ಬಿಳಿ, ಸೀಳು ಅಗಲ. ಖಂಡಿತ ಬದಲಿಸಿದ್ದಾರೆ. ಅಪ್ಪನನ್ನು ಕೇಳಿದರೆ ಅವರಿಗೂ ನೆನಪಿಲ್ಲ.

ಈಗ ಸಣ್ಣದು ಮಾಡುವುದೋ, ವಾಷರ್ ಹಾಕುವುದೋ?

ಲೇತ್ ಮಾಮ

ವಾಷರ್ ಹಾಕಿದರೆ ತಲೆ ಗುಳಿಯಿಂದ ಮೇಲೆ ಬರುತ್ತದೆ, ನೋಡಲು ಅಸಹ್ಯ. ತುದಿಯಲ್ಲಿ ಸ್ಕ್ರೂ ಸುತ್ತಿನ ಒಂದು-ಒಂದೂವರೆ ಎಳೆಯಷ್ಟು ಅರ ಹಾಕಿ. ಅರ ಹಾಕುವ ಮುಂಚೆ ಸ್ಕ್ರೂ ಮೇಲೆ ಒಂದು ನಟ್ ಓಡಿಸಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ನಟ್ ತಿರುಗಿಸಿ ಹೊರತೆಗೆದರೆ ಕೆಟ್ಟ ಎಳೆ ತಾನೇ ಸರಿಹೋಗುತ್ತದೆ. ಜಾಸ್ತಿ ಅರೆಯಬೇಡಿ, ಹಿಡಿತಕ್ಕೆ ಎಳೆ ಬೇಕು.

ಬಿಗಿ ಮಾಡುವಾಗ ರಾಕ್ಷಸ ಬಲ ಬೇಡ. ಮರದ ಸ್ಟಾಕಿಗೆ ಎರಡೂವರೆ ನ್ಯೂಟನ್ ಮೀಟರ್ ಆಸುಪಾಸು ಸಾಕು. ಟಾರ್ಕ್ ಡ್ರೈವರ್ ಇಲ್ಲದಿದ್ದರೆ, ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಮೂರು ಬೆರಳಲ್ಲಿ ಹಿಡಿದು ನಿಲ್ಲುವವರೆಗೆ ತಿರುಗಿಸಿ. ಮೊದಲು ಮುಂದಿನದು, ಆಮೇಲೆ ಹಿಂದಿನದು. ತಲೆಯ ಸೀಳು ಯಾವ ದಿಕ್ಕಿಗೆ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಜರುಗಿದೆಯಾ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಸ್ಕ್ರೂ, ಮರ ಇಷ್ಟು ನೀವೇ ಮಾಡಿಕೊಳ್ಳಿ. ಟ್ರಿಗರ್, ಬೋಲ್ಟಿನ ಮುಖ, ಚೇಂಬರ್ ಕಡೆ ಕೈ ಹಾಕಬೇಕಾದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಹೋಗಬೇಕು. ಕಾನೂನೂ ಅದೇ, ಬುದ್ಧಿವಂತಿಕೆಯೂ ಅದೇ.

ತೋಟದಮನೆ

ಮಾಡಿದೆ. ಈಗ ಬೆರಳಿಗೆ ಏನೂ ಅಲ್ಲಾಟ ತಿಳಿಯುವುದಿಲ್ಲ. ಎರಡು ಗುಂಪು ಹೋಯಿತು! ಆದರೆ ಒಂದಾದ ಗುಂಪು ಇನ್ನೂ 4 ಸೆಂಟಿಮೀಟರ್ ಇದೆ. ಮುಂಚಿನ ನಾಣ್ಯದಳತೆಗೆ ಬಂದಿಲ್ಲ. ಗೌಡರು ಹೇಳಿದ ಮಸಿ ಉಂಗುರವನ್ನೂ ತೆಗೆದೆ, ಮೊದಲ ಚಿಂದಿಗಳು ಕಾಡಿಗೆಯ ಹಾಗೆ ಕಪ್ಪಗೆ ಬಂದವು. ಅದರಿಂದ ಗ್ರೂಪ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಟೆಕ್ಸಾಸ್ ಗೌಡ

ತೆಗೆದ ಮೇಲೆ ಎಷ್ಟು ಹೊಡೆದಿರಿ? ಕೆಡೆಟ್ ಅಣ್ಣ ಹೇಳಿದ ಹಾಗೆ ಮೇಣ ಕೂರಬೇಕಲ್ಲ. ನನ್ನ ಉಂಗುರಕ್ಕೆ ಇಷ್ಟು ಬೇಗ ತೀರ್ಪು ಕೊಡಬೇಡಿ.

ಹಳೇ ಕೆಡೆಟ್

ನನ್ನ ಮಾತನ್ನೇ ನನಗೆ ತಿರುಗಿಸಿದರಲ್ಲ! ಇರಲಿ. ನಳಿಗೆಯ ಬಾಯಿ ನೋಡಿದಿರಾ? ಕಿವಿಗೆ ಹಾಕುವ ಹತ್ತಿಕಡ್ಡಿ ತಗೊಂಡು ಬಾಯಿಯ ಒಳ ಅಂಚಿನಲ್ಲಿ ಒಳಗಿನಿಂದ ಹೊರಕ್ಕೆ ಸುತ್ತಲೂ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಜಜ್ಜಿದೆ ಅಂತ ಅರ್ಥ. ಗುಂಡು ಕೊನೆಗೆ ಬಿಡುವ ಜಾಗ ಅದು. ಒಂದು ಬದಿಗೆ ಕೂದಲೆಳೆಯಷ್ಟು ಏರುಪೇರಿದ್ದರೂ ಹಿಂದಿನ ಸುಟ್ಟ ಮದ್ದಿನ ಗ್ಯಾಸ್ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಹೊಡೆದ ಮೇಲೆ ಬಾಯಿಯ ಸುತ್ತ ಬೂದು ಬಣ್ಣದ ನಕ್ಷತ್ರದ ಗುರುತು ಬೀಳುತ್ತದೆ. ಅದು ಎಲ್ಲ ಕಡೆ ಸಮ ಇದ್ದರೆ ಚಿಂತೆ ಇಲ್ಲ.

ತೋಟದಮನೆ

ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ನಕ್ಷತ್ರವೂ ಸಮ ಇದೆ. ಆದರೆ ಬಾಯಿಯಿಂದ ಅರ್ಧ ಇಂಚು ಒಳಗೆ ಒಂದು ಕಂದು ಕಲೆ ಇತ್ತು. ಎಣ್ಣೆ ಚಿಂದಿಯಲ್ಲಿ ಹೋಯಿತು, ಕೆಳಗೆ ಗುಳಿ ಬಿದ್ದಿಲ್ಲ. ನಳಿಗೆಯ ಹೊರಗೂ ಅಂಥದ್ದೇ ಎರಡು ಚುಕ್ಕೆ.

ಮೂಡಿಗೆರೆ ಮಳೆ

ನಡುವೆ ಬಾಯಿ ಹಾಕುತ್ತೇನೆ. ಕೈಲ್‌ಪೊಳ್ದ್‌ಗೆ ನಳಿಗೆಗೆ ಗಂಧ ಇಟ್ಟಿರಿ, ಬಾಯಿಗೆ ತೋಕ್‌ಪೂ ಸಿಕ್ಕಿಸಿದಿರಿ, ಸಂಜೆಗೆ ಹಾಗೇ ಒಳಗಿಟ್ಟಿರಿ. ಸರೀನಾ? ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇದೇ ಕಥೆ. ಗಂಧ ಅಂದರೆ ನೀರು, ಹೂವಿನ ದಂಟಲ್ಲೂ ನೀರು. ಸೆಪ್ಟೆಂಬರ್ ಮಳೆಯಲ್ಲಿ ಒಂದು ರಾತ್ರಿ ಸಾಕು, ಬೊಟ್ಟಿನ ಆಕಾರಕ್ಕೇ ತುಕ್ಕು ಬರುತ್ತದೆ. ಪೂಜೆ ಬೇಡ ಅನ್ನುತ್ತಿಲ್ಲ. ಬೊಟ್ಟನ್ನು ಮರದ ಮೇಲೆ ಇಡಿ. ಹೂವನ್ನು ಊಟಕ್ಕೆ ಮುಂಚೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿಬಿಡಿ.

ಇಡುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಚರ್ಮದ ಕವರ್, ಒಳಗೆ ಉಣ್ಣೆ ಇರುವ ಕವರ್ ಎರಡೂ ಮಲೆನಾಡಿಗೆ ಶತ್ರು. ನೀರಿನ ಪಸೆ ಹೀರಿ ಹಿಡಿದುಕೊಳ್ಳುತ್ತವೆ. ಚರ್ಮ ಹದ ಮಾಡಿದ ಉಪ್ಪು ಬೇರೆ. ಕವರ್ ಪ್ರಯಾಣಕ್ಕೆ ಮಾತ್ರ. ಬೀಗ ಹಾಕುವ ಬೀರುವಿನಲ್ಲಿ ನಿಲ್ಲಿಸಿಡಿ, ಒಳಗೆ ಸಣ್ಣ ವ್ಯಾಟಿನ ಬಲ್ಬೋ, ಸಿಲಿಕಾ ಜೆಲ್ಲೋ ಇರಲಿ. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಅಡುಗೆಯ ಬಾಣಲೆ ಬೇಡ. ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಬೋಲ್ಟ್ ಮತ್ತು ಮರಕ್ಕೆ ಸೇರಲ್ಲ. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ, ಮಾಮ ಹೇಳಿದ ಜಜ್ಜುವ ಸಮಸ್ಯೆ ಇನ್ನೂ ಜಾಸ್ತಿ.

ಹತ್ತು ಪಾಯಿಂಟ್ ನಾಲ್ಕು

ಉಳಿದದ್ದು ತೋಟಾ. ಮೊದಲ ಪೋಸ್ಟಿನಲ್ಲೇ "ಹೊಸ ಪೆಟ್ಟಿಗೆ, ಅದೇ ಕಂಪನಿ" ಅಂದಿದ್ದೀರಿ. ಪೆಟ್ಟಿಗೆಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ನಂಬರ್) ಬೇರೆ ಇರುತ್ತದೆ ನೋಡಿ.

ಟೂಟೂ ತೋಟಾದಲ್ಲಿ ಕ್ಯಾಪ್ ಬೇರೆ ಇಲ್ಲ. ಹೊಡೆತಕ್ಕೆ ಹತ್ತುವ ಮದ್ದನ್ನು ಒದ್ದೆಯಾಗಿ ಹಾಕಿ, ತೋಟಾವನ್ನು ಗಿರಗಿರ ತಿರುಗಿಸಿ ಅಂಚಿನ ಟೊಳ್ಳಿಗೆ ಸೇರಿಸುತ್ತಾರೆ. ಅದು ಸುತ್ತಲೂ ಸಮನಾಗಿ ಕೂತರೆ ವೇಗ ಒಂದೇ ಸಮ ಬರುತ್ತದೆ. ಅಂಚಿನ ದಪ್ಪ, ಒಳಗಿನ ಪುಡಿ, ಮೇಣ ಎಲ್ಲ ಲಾಟಿನಿಂದ ಲಾಟಿಗೆ ಚೂರು ಚೂರು ಬದಲು. ನಾವೇ ತುಂಬಿಕೊಳ್ಳುವ ತೋಟಾ ಅಲ್ಲ, ಕಂಪನಿ ಕೊಟ್ಟದ್ದನ್ನೇ ಹೊಡೆಯಬೇಕು. ಅದಕ್ಕೇ ದೊಡ್ಡ ಶೂಟರ್‌ಗಳು ಏಲೀ, ಲಾಪುವಾ ಕಂಪನಿಗಳ ರೇಂಜಿಗೆ ರೈಫಲ್ ಒಯ್ದು, ಒಂದೊಂದೇ ಲಾಟ್ ಹೊಡೆದು ನೋಡಿ, ಹೊಂದಿದ ಲಾಟನ್ನು ಮೂಟೆಗಟ್ಟಲೆ ಕೊಳ್ಳುತ್ತಾರೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್ ಇದೇ ಟೂಟೂ ತೋಟಾದ ಆಟ. ಆ ಮಟ್ಟದಲ್ಲಿ ಲಾಟ್ ಸರಿಯಿಲ್ಲದೆ ಗುರಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ನಮಗೆ ಅಷ್ಟೆಲ್ಲ ಸಾಧ್ಯ ಇಲ್ಲ, ಸಿಕ್ಕಿದ್ದೇ ಸಿರಿ. ಆದರೂ ನಿಮ್ಮ ಡೀಲರ್ ಹತ್ತಿರ ಬೇರೆ ಬೇರೆ ಲಾಟಿನ ಒಂದೊಂದು ಪೆಟ್ಟಿಗೆ ಕೇಳಿ, ನಿಮಗೆ ಅನುಮತಿ ಇರುವ ಲೆಕ್ಕದೊಳಗೆ. ಹೊಡೆಯುವಾಗ ಲಾಟ್ ಬದಲಿಸಿದ ಮೇಲಿನ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೈ ವೆಲಾಸಿಟಿ ಬೇಡ, ಸ್ಟಾಂಡರ್ಡ್ ತಗೊಳ್ಳಿ. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು 50 ಮೀಟರ್ ಆಸುಪಾಸಿನಲ್ಲೇ ಶಬ್ದದ ವೇಗಕ್ಕೆ ಇಳಿಯುತ್ತದೆ. ಆ ದಾಟುವ ಜಾಗದಲ್ಲಿ ಗುಂಡು ತೂರಾಡುತ್ತದೆ. ಅಡ್ಡಗಾಳಿಗೂ ಅದೇ ಜಾಸ್ತಿ ಹೋಗುತ್ತದೆ, ನಂಬಲು ಕಷ್ಟ ಆದರೂ ನಿಜ.

ಟೆಕ್ಸಾಸ್ ಗೌಡ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಇಲ್ಲಿ 500ರ ಕಟ್ಟು ಅಗ್ಗಕ್ಕೆ ಸಿಗುತ್ತದೆ, ತೆಳ್ಳಗೆ ತಾಮ್ರ ಹಚ್ಚಿದ ಹೈ ವೆಲಾಸಿಟಿ. 10/22 ಅದನ್ನು ಖುಷಿಯಾಗಿ ತಿನ್ನುತ್ತದೆ, ಆದರೆ ಗ್ರೂಪ್ ಮಾತ್ರ ಕೇಳಬೇಡಿ.

ತೋಟದಮನೆ

ಡೀಲರ್ ಹತ್ತಿರ ಇನ್ನೊಂದು ಲಾಟ್ ಸಿಕ್ಕಿತು, ಜೊತೆಗೆ ಬೇರೆ ಕಂಪನಿಯ ಸ್ಟಾಂಡರ್ಡ್ ಒಂದು ಪೆಟ್ಟಿಗೆ. ಬೆಳಿಗ್ಗೆ ಮಂಜು ಕರಗಿ ಗಾಳಿ ಏಳುವುದರೊಳಗೆ ಹೊಡೆದು ಮುಗಿಸಿದೆ. ಮನೆಯಲ್ಲಿದ್ದ ಲಾಟ್ ಮತ್ತೆ 4 ಸೆಂಟಿಮೀಟರೇ. ಬೇರೆ ಕಂಪನಿಯದ್ದು 3. ಅದೇ ಕಂಪನಿಯ ಇನ್ನೊಂದು ಲಾಟ್ 2.3! ನಾಣ್ಯದ ಕೆಳಗೆ ಹೋಯಿತು. ಸ್ಕೋಪ್ ಮತ್ತೆ ಹಾಕಿದ್ದೇನೆ, ಮೌಂಟ್ ಸ್ಕ್ರೂಗಳಿಗೂ ಪೆನ್ನಿನ ಗುರುತು ಹಾಕಿದೆ.

ನಳಿಗೆ ಕತ್ತರಿಸಿ ಅಂದವರಿಗೆ ಟಾರ್ಗೆಟ್ ತೋರಿಸಿದೆ. "ನಾನು ಅವತ್ತೇ ಸ್ಕ್ರೂ ಅಂದಿದ್ದೆ" ಅಂದರು.

ಹಳೇ ಕೆಡೆಟ್

ಹಹ್ಹಹ್ಹಾ. ಬಿಡಿ, ಊರಿಗೆ ಒಬ್ಬರು ಇಂಥವರು ಬೇಕು.

ಟೆಕ್ಸಾಸ್ ಗೌಡ

ಮಸಿ ಉಂಗುರ ತೆಗೆದದ್ದರಿಂದಲೇ 2.3 ಬಂತು ಅಂತ ನನ್ನ ನಂಬಿಕೆ. ಮೇಣ ಕೂತಿದೆ ಈಗ.

ಹಳೇ ಕೆಡೆಟ್

ಹಾಗಾದರೆ ಮನೆಯಲ್ಲಿದ್ದ ಲಾಟ್ ಯಾಕೆ ಇನ್ನೂ 4ರಲ್ಲೇ ಇದೆ ಗೌಡರೇ?

ಹೊಸ ಶೂಟರ್

ಎಲ್ಲ ಓದಿದೆ, ತುಂಬಾ ಉಪಯೋಗ ಆಯಿತು. ನಂದೂ ಒಂದು ಪ್ರಶ್ನೆ. ಮಾವನವರ ಹಳೇ ಟೂಟೂ ನನ್ನ ಲೈಸೆನ್ಸಿಗೆ ಬಂದಿದೆ. ಬೆಳಗಿನ ಚಳಿಯಲ್ಲಿ ಟಿಕ್ ಅನ್ನುತ್ತದೆ, ಹಾರುವುದಿಲ್ಲ. ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಹಾರುತ್ತದೆ. ಮಧ್ಯಾಹ್ನ ಆದರೆ ಸಮಸ್ಯೆ ಕಮ್ಮಿ. ಅಂಚಿನ ಮೇಲೆ ಪಿನ್ನಿನ ಗುರುತು ತೀರಾ ತೆಳುವಾಗಿದೆ. ಸ್ಪ್ರಿಂಗ್ ಬದಲಿಸಬೇಕಾ? ಮನೆಯಲ್ಲಿ ಖಾಲಿ ರೈಫಲ್ ಟ್ರಿಗರ್ ಎಳೆದು ಅಭ್ಯಾಸ ಮಾಡುತ್ತೇನೆ, ಅದರಿಂದ ಏನಾದರೂ ಆಯಿತಾ?

ಹತ್ತು ಪಾಯಿಂಟ್ ನಾಲ್ಕು

ಮೊದಲು ಸುರಕ್ಷತೆ. ಟಿಕ್ ಅಂದ ಕೂಡಲೇ ಬೋಲ್ಟ್ ತೆರೆಯಬೇಡಿ. ನಳಿಗೆ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ. ತಡವಾಗಿ ಹಾರುವುದುಂಟು. ಇನ್ನೂ ಮುಖ್ಯ: ಯಾವತ್ತಾದರೂ ಶಬ್ದ "ಪಟ್" ಅಂತ ಸಣ್ಣದಾಗಿ ಬಂದು ಟಾರ್ಗೆಟ್‌ನಲ್ಲಿ ತೂತು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಊದಿಕೊಳ್ಳುತ್ತದೆ, ಒಡೆಯಲೂಬಹುದು.

ಖಾಲಿ ಟ್ರಿಗರ್ ಎಳೆಯುವುದು ಟೂಟೂನಲ್ಲಿ ಹುಷಾರು. ಪಿನ್ ಅಂಚಿಗೆ ಹೊಡೆಯುವ ಜಾಗದಲ್ಲಿ ತೋಟಾ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಅದು ಚೇಂಬರಿನ ಉಕ್ಕಿಗೇ ಬಡಿಯುತ್ತದೆ. ಅಲ್ಲಿ ಗುಳಿ ಬಿದ್ದು ಚೂರು ಒಳಕ್ಕೆ ಏಳುತ್ತದೆ, ಪಿನ್ ತುದಿಯೂ ಮೊಂಡಾಗುತ್ತದೆ. ರುಗರ್ ತರಹದ್ದರಲ್ಲಿ ಪಿನ್ ಅಷ್ಟು ಮುಂದೆ ಬರದ ಹಾಗೆ ತಡೆ ಇದೆ. ಹಳೇದರಲ್ಲಿ ಡಮ್ಮಿ ತೋಟಾ ಹಾಕಿಕೊಂಡೇ ಅಭ್ಯಾಸ ಮಾಡಿ.

ಲೇತ್ ಮಾಮ

ಚಳಿಯಲ್ಲಿ ಜಾಸ್ತಿ, ಬಿಸಿಲಲ್ಲಿ ಕಮ್ಮಿ ಅಂದರಲ್ಲ, ಸ್ಪ್ರಿಂಗಿಗೆ ಚಳಿ-ಬಿಸಿಲು ಗೊತ್ತಾಗಲ್ಲ. ಎಣ್ಣೆಗೆ ಗೊತ್ತಾಗುತ್ತದೆ. ನಿಮ್ಮ ಮಾವ ಬೋಲ್ಟಿಗೆ ಯಾವ ಎಣ್ಣೆ ಹಾಕುತ್ತಿದ್ದರು?

ಹೊಸ ಶೂಟರ್

ಈಗ ಕೇಳಿದೆ ಮಾಮ. ಕೊಬ್ಬರಿ ಎಣ್ಣೆ ಅಂತೆ, ವರ್ಷಕ್ಕೊಮ್ಮೆ. ಶುದ್ಧ ಗಾಣದ್ದು ಅಂತ ಬೇರೆ ಹೇಳಿದರು.

ಲೇತ್ ಮಾಮ

ಅವರ ತಲೆಗೆ ಒಳ್ಳೇದು, ಬೋಲ್ಟಿಗಲ್ಲ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ವರ್ಷಗಳ ಮೇಲೆ ಅಂಟಾಗಿ ಪಿನ್ ಸುತ್ತ ಕೂರುತ್ತದೆ. ಪಿನ್ ಓಡುವ ಬದಲು ತೆವಳುತ್ತದೆ, ಏಟು ಸಾಲಲ್ಲ. ಮಧ್ಯಾಹ್ನ ಕರಗಿದ ಮೇಲೆ ಓಡುತ್ತದೆ.

ಬೋಲ್ಟನ್ನು ಹೊರತೆಗೆದು, ಬಿಚ್ಚದೆ, ಒಂದು ಡಬ್ಬಿಯಲ್ಲಿ ಮುಳುಗುವಷ್ಟು ಸೀಮೆಎಣ್ಣೆ ಹಾಕಿ ರಾತ್ರಿ ಪೂರ್ತಿ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಆಗುತ್ತದೆ. ಒಲೆ, ದೀಪದಿಂದ ದೂರ ಇರಲಿ. ಬೆಳಿಗ್ಗೆ ಅಲ್ಲಾಡಿಸಿ, ಬಸಿದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಹೊಲಿಗೆ ಮೆಷಿನ್ ಎಣ್ಣೆ ಬೋಲ್ಟಿನ ಹೊರಮೈಗೆ ಒಂದು ಹನಿ, ಬೆರಳಲ್ಲಿ ಸವರಿದರೆ ಸಾಕು. ಪಿನ್ ಒಳಗೆ ಏನೂ ಬೇಡ. ಆಮೇಲೂ ಗುರುತು ತೆಳುವಾಗಿಯೇ ಬಿದ್ದರೆ ಆಗ ರಿಪೇರಿಯವರಿಗೆ ಸ್ಪ್ರಿಂಗ್ ಮತ್ತು ಪಿನ್ ತುದಿ ತೋರಿಸಿ. ಟಿಕ್ ಅಂದ ತೋಟಾವನ್ನು ಬಿಸಾಡಬೇಡಿ, ಗುರುತು ನೋಡಲು ಅವರಿಗೆ ಬೇಕಾಗುತ್ತದೆ. ಆದರೆ ಬೇರೆ ಡಬ್ಬಿಯಲ್ಲಿಡಿ, ಒಳ್ಳೇದರ ಜೊತೆ ಸೇರಿಸಬೇಡಿ.